ಚೈತ್ರದ ಬೇವೂ ಫಾಲ್ಗುಣದ ನೀರೂ

ಯುಗಾದಿಯ ದಿನ ಅಭ್ಯಂಜನವಾದೊಡನೆ ಹೊಸ ಮಡಕೆಯಲ್ಲಿ ಕಲಸಿದ ಬೇವನ್ನು ಮನೆಮಂದಿಯೆಲ್ಲ ಕುಡಿಯುವದು ನಮ್ಮ ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆಯಲ್ಲಿ ತಲೆಮಾರುಗಳಿಂದ ನಡೆದು ಬಂದ ಪದ್ಧತಿಯಾಗಿದೆ. ಹುಣಿಸೆಯ ನೀರು, ಬೆಲ್ಲ, ಮಾವಿನಕಾಯಿ, ಬೇವಿನ ಹೂವು ಇವು ಕೂಡಿದ ಆ ಪಾನಕವನ್ನು ಕುಡಿದವರಿಗೆ ವರ್ಷವಿಡೀ ಪಿತ್ತದ ಬಾಧೆಯಾಗಲಿ ಕಾಮಣಿಯ ಅಂಜಿಕೆಯಾಗಲಿ ಇಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈ ನಂಬುಗೆಯ ಮೇಲೆ ಎಷ್ಟು ಭಾರವನ್ನು ಹೊರಿಸಬಹುದೆಂಬದನ್ನು ಗೃಹಸ್ಥರಾದವರು ಒಮ್ಮೆ ವಿಚಾರಿಸಿ ನೋಡುವದು ಒಳಿತು.

ವಸಂತಋತುವಿನಲ್ಲಿ ದೇಹವನ್ನು ವಿಶೇಷವಾಗಿ ಕಾಯಬೇಕೆಂಬುದು ನಮ್ಮೊಬ್ಬರ ಮತವಲ್ಲ. ಚೀನ ದೇಶದ ಹಳೆಯ ವೈದ್ಯರು ವಸಂತವನ್ನು ಯಕೃತ್ತಿನ ಕಾಲವೆಂದೇ ಎಣಿಸಿದರು. ಈ ಋತುವಿನಲ್ಲಿ ಬೇಗನೆ ಏಳಬೇಕು, ಅಂಗಳದಲ್ಲಿ ಅಡ್ಡಾಡಬೇಕು, ಹುಳಿಯನ್ನು ತಗ್ಗಿಸಬೇಕು, ಸಿಟ್ಟನ್ನು ಬಿಡಬೇಕು ಎಂದು ಅವರ ಉಪದೇಶ. ನಮ್ಮ ವಾಗ್ಭಟನು ಯಕೃತ್ತಿನ ಮಾತನ್ನೆತ್ತದೆ, ಚಳಿಗಾಲದಲ್ಲಿ ಕೂಡಿದ ಕಫವು ಬಿಸಿಲಿಗೆ ಕರಗಿ ಜಠರಾಗ್ನಿಯನ್ನು ಮಂದಗೊಳಿಸುತ್ತದೆಂದು ಹೇಳಿ, ಲಘುವಾದ ಆಹಾರವನ್ನೂ ವ್ಯಾಯಾಮವನ್ನೂ ವಿಧಿಸಿದನು. ಹಗಲು ನಿದ್ದೆಯನ್ನು ನಿಷೇಧಿಸಿದನು. ಕಾರಣಗಳು ಬೇರೆಯಾದರೂ ಮಿತಾಹಾರ, ನಡಿಗೆ, ಶಾಂತಚಿತ್ತ ಇವುಗಳಿಂದ ಯಾರಿಗೂ ಕೇಡಿಲ್ಲ. ಆದರೆ ಕಾಮಣಿಯು ಬಂದಾಗ ಇಷ್ಟೇ ಸಾಕೇ?

ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳ ಮನೆಗೆ ಚೊಚ್ಚಲ ಹೆರಿಗೆಗೆಂದು ಬಂದ ಮಗಳಿಗೆ, ಏಳು ತಿಂಗಳು ತುಂಬಿರುವಾಗ, ಕಣ್ಣು ಹಳದಿಯಾದವು. ಅನ್ನ ಕಂಡರೆ ವಾಕರಿಕೆ. ಆಕೆಯ ಅಜ್ಜಿಯವರು ಹಿತ್ತಲಿನಿಂದ ನೆಲನೆಲ್ಲಿಯನ್ನು ಕಿತ್ತು ತಂದು ಅರೆಯಲು ಕುಳಿತರು. ನೆರೆಯವರೊಬ್ಬರು ಕೈಗೆ ಬರೆ ಹಾಕಿಸಿರೆಂದರು. ಅಜ್ಜಿಯವರ ಮಾತಿಗೆ ಆಧಾರವಿಲ್ಲದಿರಲಿಲ್ಲ. ಅದೇ ಓಣಿಯ ಇಬ್ಬರು ಹುಡುಗರು ಆ ತಿಂಗಳಲ್ಲಿಯೇ ನೆಲನೆಲ್ಲಿಯನ್ನು ಕುಡಿದು ಗುಣ ಹೊಂದಿದ್ದರು. ಆದರೂ ಮಗಳ ತಂದೆಯು, "ಅವ್ವಾ, ಆ ಹುಡುಗರ ಹೊಟ್ಟೆಯಲ್ಲಿ ಕೂಸಿರಲಿಲ್ಲ" ಎಂದು ಹೇಳಿ ಅಂದಿನ ರಾತ್ರಿಯೇ ಅವಳನ್ನು ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ದನು. ಅಲ್ಲಿ ಎರಡು ವಾರ ಸಾವು ಬದುಕಿನ ನಡುವೆ ಕಳೆದವು. ಕೊನೆಗೆ ತಾಯಿಯೂ ಕೂಸೂ ಉಳಿದರು.

ಆ ತಂದೆಯ ಮಾತಿನಲ್ಲಿ ಶಾಸ್ತ್ರವೇ ಅಡಗಿತ್ತು. ಹಳೆಯ ರಕ್ತಕಣಗಳು ಒಡೆದಾಗ ಹುಟ್ಟುವ ಹಳದಿಯ ವಸ್ತುವನ್ನು ಯಕೃತ್ತು ಪಿತ್ತದೊಡನೆ ಹೊರಗೆ ಹಾಕುತ್ತದೆ. ಯಕೃತ್ತಿಗೆ ಬೇನೆ ತಗಲಿದರೆ ಅದು ರಕ್ತದಲ್ಲಿಯೇ ಉಳಿದು ಕಣ್ಣಿನಲ್ಲಿ ಕಾಣುತ್ತದೆ. ಈ ಬೇನೆಯನ್ನು ತರುವ ವೈರಾಣುಗಳಲ್ಲಿ ಎ ಮತ್ತು ಇ ಎಂಬವು ಮಲದಿಂದ ಕೆಟ್ಟ ನೀರಿನಲ್ಲಿ ಬರತಕ್ಕವು. ಇವು ತಗಲಿದವರಲ್ಲಿ ಬಹುತೇಕರು ಯಾವ ಔಷಧವಿಲ್ಲದೆಯೂ ಕೆಲವು ವಾರಗಳಲ್ಲಿ ತಾವಾಗಿಯೇ ಗುಣವಾಗುತ್ತಾರೆ. ಕೀರ್ತಿಯು ಮಾತ್ರ ಬೇರಿಗೂ ಬರೆಗೂ ಸಲ್ಲುತ್ತದೆ. ಆದರೆ ಇ ಎಂಬ ವೈರಾಣುವು ಗರ್ಭಿಣಿಯರಿಗೆ ಮೃತ್ಯುಸಮಾನವಾದದ್ದು. ಕೊನೆಯ ಮೂರು ತಿಂಗಳಲ್ಲಿ ಇದು ತಗಲಿದ ಗರ್ಭಿಣಿಯರಲ್ಲಿ ನೂರಕ್ಕೆ 20ರಿಂದ 25 ಮಂದಿಯವರೆಗೆ ಸಾಯುವದುಂಟೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. 1955-56ರಲ್ಲಿ ದಿಲ್ಲಿಯ ಕುಡಿಯುವ ನೀರಿಗೆ ಹೊಲಸು ನೀರು ಸೇರಿ ಸುಮಾರು 29,000 ಜನರಿಗೆ ಕಾಮಾಲೆಯಾದದ್ದು ಈ ವೈರಾಣುವಿನಿಂದಲೇ ಎಂದು ಮುಂದೆ ತಿಳಿದುಬಂದಿತು.

ನೆಲನೆಲ್ಲಿಯನ್ನು ವಿಜ್ಞಾನಿಗಳು ಅಲಕ್ಷಿಸಲಿಲ್ಲ. ರಕ್ತದ ಮೂಲಕ ಹರಡುವ ಬಿ ಎಂಬ ವೈರಾಣುವಿನ ಮೇಲೆ ಇದು ಕೆಲಸ ಮಾಡುತ್ತದೆಂದು 1988ರಲ್ಲಿ ಮದರಾಸಿನ ವೈದ್ಯರು, ನೊಬೆಲ್ ಪಾರಿತೋಷಕ ಪಡೆದ ಬ್ಲೂಮ್‌ಬರ್ಗರೊಡಗೂಡಿ ಪ್ರಕಟಿಸಿದರು. ಆ ಮೇಲಿನ ಪರೀಕ್ಷೆಗಳಲ್ಲಿ ಆ ಫಲವು ದೃಢಪಡಲಿಲ್ಲ. ಬಿ ವೈರಾಣುವನ್ನು ತಡೆಯುವದಕ್ಕೆ, ಹುಟ್ಟಿದ 24 ಗಂಟೆಗಳೊಳಗೆ ಕೂಸಿಗೆ ಹಾಕಿಸುವ ಲಸಿಕೆಯೇ ನಂಬತಕ್ಕ ಉಪಾಯ.

ಇನ್ನೊಂದು ಮಾತನ್ನು ಗಮನಿಸಬೇಕು. ಕೆಟ್ಟ ನೀರು ಹೊಟ್ಟೆ ಸೇರಿದ ಮರುದಿನವೇ ಕಾಮಣಿಯು ಕಾಣುವದಿಲ್ಲ. ಎರಡು ವಾರಗಳಿಂದ ಎರಡು ತಿಂಗಳವರೆಗೆ ಅಡಗಿರುತ್ತದೆ. ಚೈತ್ರದಲ್ಲಿ ಕಣ್ಣು ಹಳದಿಯಾದರೆ ಅದಕ್ಕೆ ಕಾರಣವಾದ ನೀರನ್ನು ಫಾಲ್ಗುಣದಲ್ಲಿಯೇ ಕುಡಿದಿರಬಹುದು. ಯುಗಾದಿಯ ಬೇವು ಆ ನೀರನ್ನು ಹಿಂದಕ್ಕೆ ತರಲಾರದು. ನಮ್ಮ ಕಡೆ ಭೀಮಾನದಿಯೂ ಅಮರ್ಜೆಯೂ ಬತ್ತತೊಡಗುವ ದಿನಗಳವು. ಬಾವಿಯ ತಳದ ನೀರು, ಹೊಳೆಯ ಉಸುಕಿನಲ್ಲಿ ತೋಡಿದ ವರತೆಯ ನೀರು, ಚರಂಡಿಯ ಮಗ್ಗುಲಲ್ಲಿ ಒಡೆದ ನಳದ ನೀರು ಇವೆಲ್ಲ ಕಣ್ಣಿಗೆ ತಿಳಿಯಾಗಿ ಕಂಡರೂ ನಂಬತಕ್ಕವಲ್ಲ.

ಆದ ಕಾರಣ ಹೋಳಿಹುಣ್ಣಿವೆಗಿಂತ ಮೊದಲೇ ಮನೆಯಲ್ಲಿ ಕುಡಿಯುವ ನೀರನ್ನು ಕೊತಕೊತನೆ ಕುದಿಸಿ, ಆರಿಸಿ, ಮುಚ್ಚಿಡುವ ನೇಮವನ್ನು ಹಿಡಿಯಬೇಕು. ಕೊಡಕ್ಕೆ ಕೈಯದ್ದದೆ ಹಿಡಿಕೆಯುಳ್ಳ ಸವಟಿನಿಂದ ನೀರು ತೆಗೆಯಬೇಕು. ಶೌಚವಾದ ಮೇಲೆಯೂ ಅಡಿಗೆಗೆ ಮೊದಲೂ ಸಾಬೂನಿನಿಂದ ಕೈ ತೊಳೆಯಬೇಕು. ಕಾಮಣಿಯಾದವನಿಗೆ ಬರೆ ಬೇಡ, ಉಪವಾಸವೂ ಬೇಡ, ಮದ್ಯವಂತೂ ಬೇಡವೇ ಬೇಡ. ಮಂಪರು, ತಪ್ಪು ಮಾತು, ನಿಲ್ಲದ ವಾಂತಿ, ರಕ್ತಸ್ರಾವ ಇವುಗಳಲ್ಲಿ ಒಂದು ಕಂಡರೂ ತಡಮಾಡಲಾಗದು. ರೋಗಿಯು ಗರ್ಭಿಣಿಯಾಗಿದ್ದರೆ ಇವುಗಳ ದಾರಿಯನ್ನೂ ಕಾಯದೆ, ಕಣ್ಣು ಹಳದಿಯಾದ ದಿನವೇ ಆಸ್ಪತ್ರೆಯ ದಾರಿಯನ್ನು ಹಿಡಿಯತಕ್ಕದ್ದು. ನೆಲನೆಲ್ಲಿಯು ಹಿತ್ತಲಿನಲ್ಲಿ ಬೆಳೆದುಕೊಂಡಿರಲಿ. ಆ ಹೊತ್ತಿನಲ್ಲಿ ಅದನ್ನು ಅರೆಯುತ್ತ ಕೂಡುವಷ್ಟು ವೇಳೆಯು ನಮಗಿರುವದಿಲ್ಲ.