ಖಾಲಿ ಗೂಟ

ನಮ್ಮ ಮನೆಯಲ್ಲಿ ಯಾವ ವಸ್ತುವಿಗೂ ಇಂಥದೇ ಜಾಗ ಎಂಬ ನಿಯಮವಿಲ್ಲ. ನನ್ನ ಕನ್ನಡಕ ಒಂದು ದಿನ ಅಕ್ಕಿಯ ಡಬ್ಬದ ಮೇಲೆ ಸಿಕ್ಕಿದರೆ ಇನ್ನೊಂದು ದಿನ ಪಂಪಭಾರತದ ಹಾಳೆಗಳ ನಡುವೆ ಸಿಕ್ಕುತ್ತದೆ. ಮನೆಯ ಬೀಗದ ಕೈ ಎಲ್ಲಿದೆ ಎಂದು ಕೇಳಿದರೆ ನಾನು ಮಾತು ಬದಲಾಯಿಸುತ್ತೇನೆ. ಇಂಥ ಮನೆಯ ಯಜಮಾನನಾದ ನಾನು ಮೊನ್ನೆ ಬಿಡದಿಯ ಕೈಗಾರಿಕಾ ಪ್ರದೇಶಕ್ಕೆ ಹೋಗಿ, ಒಂದು ವಸ್ತುವನ್ನಿಡಲು ಬೀಗವಿರುವ ಬೀರು ಬೇಕೆಂದು ಕೇಳಿದೆ ಎಂದರೆ ನನ್ನನ್ನು ಬಲ್ಲವರು ನಕ್ಕಾರು. ಆ ವಸ್ತು ಬಂದೂಕು ಎಂದರೆ ಮಾತ್ರ ನಗು ನಿಂತೀತು.

ಬಂದೂಕು ನನ್ನದಲ್ಲ, ನಮ್ಮ ತಂದೆಯವರದು. ಕನಕಪುರ ತಾಲ್ಲೂಕಿನಲ್ಲಿ ಕಾಡಿನ ಅಂಚಿಗೆ ನಮ್ಮ ಹಳ್ಳಿ. ರಾಗಿ ತೆನೆ ಕಟ್ಟುವ ಹೊತ್ತಿಗೆ ಹಂದಿ ಬರುತ್ತದೆ, ಒಮ್ಮೊಮ್ಮೆ ಆನೆಯೂ ಬರುತ್ತದೆ. ಬೆಳೆ ಕಾಯುವುದಕ್ಕೆಂದು ಪರವಾನಗಿ ಪಡೆದ ಒಂಟಿ ನಳಿಗೆಯ ಹನ್ನೆರಡು ಬೋರಿನ ಬಂದೂಕು ಅದು. ಚುನಾವಣೆ ಬಂದಾಗಲೆಲ್ಲ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿ, ರಶೀದಿ ಪಡೆದು, ಫಲಿತಾಂಶ ಬಂದ ಮೇಲೆ ತರಬೇಕಾಗಿತ್ತು. "ದೇಶದಲ್ಲಿ ಎಲ್ಲರಿಗೂ ಕೆಲಸ ಬಿದ್ದಾಗ ನಮ್ಮ ಬಂದೂಕಿಗೆ ರಜ" ಎಂದು ತಂದೆ ನಗುತ್ತಿದ್ದರು. ಕಳೆದ ವರ್ಷ ಅವರು ತೀರಿಕೊಂಡರು. ಪರವಾನಗಿ ಇದ್ದವನು ಹೋದಮೇಲೆ ಆಯುಧವನ್ನು ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯ ಬಳಿಯೋ ಒಪ್ಪಿಸಬೇಕೆಂಬುದು 1959ರ ಆಯುಧ ಕಾಯಿದೆ. ಹಾಗೆ ಒಪ್ಪಿಸಿದೆವು. ಬೇಕಾದರೆ ನನ್ನ ಹೆಸರಿಗೆ ಪರವಾನಗಿ ಕೇಳಬಹುದು. ಆದರೆ ಆಯುಧವನ್ನು ಭದ್ರವಾಗಿ ಇಡುತ್ತೇನೆಂದು ಬರೆದುಕೊಡಬೇಕು. "ಮನೆತನದ ಬಂದೂಕ ಯಾರಾದ್ರೂ ಕಳ್ಕೊಳ್ತಾರೇನೋ?" ಎಂದರು ಚಿಕ್ಕಪ್ಪ. "ನಿನ್ನಿಷ್ಟ ಕಣಣ್ಣ" ಎಂದ ತಮ್ಮ. ಅಮ್ಮ ಏನೂ ಹೇಳಲಿಲ್ಲ. ನಿರ್ಧಾರ ಮಾಡಲಾರದವನು ಮೊದಲು ಬೀರು ಮಾಡಿಸುತ್ತಾನೆ. ನಾನು ಬಿಡದಿಗೆ ಹೊರಟೆ.

ಒಂದು ಕಾಲಕ್ಕೆ ಬಿಡದಿ ಎಂದರೆ ತಟ್ಟೆ ಇಡ್ಲಿ. ಮೈಸೂರಿನ ಬಸ್ಸು ನಿಂತೊಡನೆ ನಿದ್ದೆಯಲ್ಲಿದ್ದವರೂ ಎದ್ದು ಇಳಿಯುತ್ತಿದ್ದರು. 1997ರಲ್ಲಿ ಹುಟ್ಟಿದ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಇಲ್ಲಿ ಕಾರ್ಖಾನೆ ಹೂಡಿದ ಮೇಲೆ ಊರಿನ ಹೆಸರಿಗೆ ಇನ್ನೊಂದು ಅರ್ಥವೂ ಬಂತು. ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ಎಷ್ಟೋ ಸಣ್ಣ ಶೆಡ್ಡುಗಳು ಬದುಕುತ್ತವೆ. ತಗಡು ಕತ್ತರಿಸುವುದು, ಬಗ್ಗಿಸುವುದು, ಬೆಸೆಯುವುದು, ಬಣ್ಣ ಹಾಕುವುದು ಅಲ್ಲಿಯ ಕಸುಬು. ಅಂಥದೊಂದು ಶೆಡ್ಡಿನ ಒಡೆಯ ನನ್ನ ಹಳೆಯ ವಿದ್ಯಾರ್ಥಿ. ಕನ್ನಡದಲ್ಲಿ ಅವನಿಗೆ ಮೂವತ್ತೈದರ ಮೇಲೆ ಅಂಕ ಕೊಟ್ಟ ನೆನಪು ನನಗಿಲ್ಲ. ಅವನಿಗೂ ಇಲ್ಲ, ಆದರೂ ಎದ್ದು ನಿಂತು ಕುರ್ಚಿ ಕೊಟ್ಟ.

ಶೆಡ್ಡಿನ ತುಂಬ ಬಗೆಬಗೆಯ ಸ್ಟ್ಯಾಂಡುಗಳು. ಯಾವುದೋ ಶಾಲೆಯ ಆಟದ ಕೋಣೆಗೆಂದು ಹಾಕಿ ಸ್ಟಿಕ್ಕುಗಳನ್ನು ತೂಗುಹಾಕುವ ಪಟ್ಟಿ, ಬ್ಯಾಟುಗಳು ನಿಲ್ಲುವ ಗೂಡು, ಚೆಂಡುಗಳಿಗೆ ಬಲೆಯ ಪೆಟ್ಟಿಗೆ. ಗೋಡೆಗೆ ಒರಗಿಸಿದ ಜಾವೆಲಿನ್ ಕಾಲಕ್ರಮದಲ್ಲಿ ಬಾಗುತ್ತದಂತೆ. ಅದನ್ನು ಮಲಗಿಸಿ ಮೂರು ನಾಲ್ಕು ಕಡೆ ಆಸರೆ ಕೊಡಬೇಕಂತೆ. ಪ್ರತಿಯೊಂದು ವಸ್ತುವಿಗೂ ಅದರದೇ ಸುಸ್ತು ಇದೆ, ಅದನ್ನು ತಿಳಿದು ಕೂರಿಸಬೇಕು ಎಂಬಂತೆ ಅವನು ಮಾತಾಡಿದ.

ಬಂದೂಕಿನ ವಿಚಾರ ಹೇಳಿದೆ. ಅವನಿಗೆ ಅದೂ ಗೊತ್ತಿತ್ತು. ಹದಿನಾರು ಗೇಜಿನ ತಗಡು, ಗೋಡೆಯೊಳಕ್ಕೆ ಬೋಲ್ಟು, ಹಿಡಿ ಕೂರಲು ಕೆಳಗೊಂದು ತಗ್ಗು, ನಳಿಗೆ ಒರಗಲು ಮೇಲೊಂದು ಕಚ್ಚು. ಕಚ್ಚಿಗೆ ಉಣ್ಣೆಯ ಮೆತ್ತೆ ಅಂಟಿಸಬೇಕು. "ಸ್ಪಂಜು ಬೇಡಿ ಸಾರ್, ಅದು ಗಾಳೀಲಿರೋ ನೀರು ಹಿಡ್ಕೊಳ್ಳತ್ತೆ, ಕಬ್ಬಿಣ ತುಕ್ಕಾಗತ್ತೆ." ಚರ್ಮದ ಚೀಲದಲ್ಲಿಟ್ಟರೂ ತುಕ್ಕು ತಪ್ಪದು. ತೋಟಾಗಳಿಗೆ ಬೇರೆ ಖಾನೆ, ಬೇರೆ ಬೀಗ.

ಮಾತಾಡುತ್ತಲೇ ಅವನು ಸ್ಪ್ಯಾನರೊಂದನ್ನು ಗೋಡೆಯ ಹಲಗೆಗೆ ಸಿಕ್ಕಿಸಿದ. ಆ ಹಲಗೆಯ ಮೇಲೆ ಪ್ರತಿ ಹತ್ಯಾರಿನ ಆಕಾರವನ್ನೂ ಕಪ್ಪು ಬಣ್ಣದಲ್ಲಿ ಬರೆದಿತ್ತು. ಸುತ್ತಿಗೆ ತೆಗೆದರೆ ಅಲ್ಲಿ ಸುತ್ತಿಗೆಯ ನೆರಳು ಉಳಿಯುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಜಪಾನಿನವರಿಂದ ಬಂದ ಪದ್ಧತಿಯಂತೆ. ನಾನು ಮೆಚ್ಚಿಕೊಂಡು, "ಎಲ್ಲಕ್ಕೂ ಒಂದು ಜಾಗ ಮಾಡಿದ್ದೀಯ" ಎಂದೆ. ಅವನು ನಕ್ಕ. "ಜಾಗ ಎಲ್ಲಾರೂ ಮಾಡ್ತಾರೆ ಸಾರ್. ಇದು ಸಾಮಾನು ಇಡೋಕಲ್ಲ, ಸಾಮಾನು ಇಲ್ಲ ಅಂತ ಗೊತ್ತಾಗೋಕೆ."

ನಾನು ಕುರ್ಚಿಯಲ್ಲಿ ಹಾಗೆಯೇ ಕುಳಿತೆ. ಮೂವತ್ತೈದು ವರ್ಷದ ಹಿಂದಿನ ಒಂದು ಭಾನುವಾರ ಕಣ್ಣ ಮುಂದೆ ಬಂದು ನಿಂತಿತು.

ನಮ್ಮ ಹಳ್ಳಿಯ ಮನೆಯ ನಡುಮನೆಯ ಗೋಡೆಯಲ್ಲಿ ಎರಡು ಗೂಟಗಳಿದ್ದವು. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರ ಹತ್ತಿರ ಆಲೆ ಮರದಲ್ಲಿ ಕಡೆಸಿ, ಅರಗಿನ ಕೆಂಪು ಹಾಕಿಸಿದ ಗೂಟಗಳು. ಬಂದೂಕು ಅವುಗಳ ಮೇಲೆ ಮಲಗಿರುತ್ತಿತ್ತು. ಬೀಗವಿಲ್ಲ, ಸರಪಣಿಯಿಲ್ಲ. ತೋಟಾ ಮಾತ್ರ ತಂದೆಯ ಟ್ರಂಕಿನಲ್ಲಿ. ಅಂದು ಬೆಳಗಿನ ಜಾವದವರೆಗೆ ಹೊಲ ಕಾಯ್ದ ತಂದೆ ದಣಿದು ಬಂದು ಬಂದೂಕನ್ನು ಗೂಟಕ್ಕೇರಿಸಿ ಮಲಗಿದ್ದರು. ನನಗೆ ಹತ್ತು ವರ್ಷ, ತಮ್ಮನಿಗೆ ಆರು. ಸ್ವಲ್ಪ ದಿನದ ಹಿಂದೆ ನಾವು 'ಶೋಲೆ' ನೋಡಿದ್ದೆವು. 1975ರ ಆ ಚಿತ್ರವನ್ನು ನಮ್ಮ ರಾಮನಗರದ ಬೆಟ್ಟಗಳಲ್ಲೇ ತೆಗೆದದ್ದೆಂಬ ಹೆಮ್ಮೆ ಸುತ್ತಿನ ಹುಡುಗರಿಗೆಲ್ಲ ಇತ್ತು. ನಾನು ಗಬ್ಬರನಾದೆ. ಮಂಚವನ್ನು ಗೋಡೆಗೆಳೆದು, ಹತ್ತಿ, ಬಂದೂಕನ್ನು ಇಳಿಸಿ ಹಿತ್ತಲಿಗೆ ಒಯ್ದೆ. ತಮ್ಮನನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿದೆ. ಅವನು ನಗುತ್ತ ಕೈಯೆತ್ತಿ ನಿಂತ. ಬಂದೂಕಿನ ಕುದುರೆಯನ್ನು ಹಿಂದಕ್ಕೆಳೆಯಲು ನನ್ನ ಹೆಬ್ಬೆರಳಿಗೆ ಬಲ ಸಾಲದಾಯಿತು. ಎರಡು ಸಲ ಜಾರಿತು. ಮೂರನೆಯ ಸಲ ಎರಡೂ ಹೆಬ್ಬೆರಳು ಕೂಡಿಸಿದೆ. ಅಷ್ಟರಲ್ಲಿ ಅಮ್ಮನ ಕೂಗು ಕೇಳಿತು. ಅವಳು ಕೂಗಿದ್ದು ನನ್ನ ಹೆಸರನ್ನೋ ತಮ್ಮನ ಹೆಸರನ್ನೋ ಈಗಲೂ ತಿಳಿಯದು.

ತಂದೆ ಬಂದು ಬಂದೂಕನ್ನು ಮುರಿದು ನೋಡಿದರು. ಒಳಗೆ ತೋಟಾ ಇತ್ತು. ಹೊಲದಲ್ಲಿ ತುಂಬಿದ್ದನ್ನು ತೆಗೆಯಲು ಮರೆತಿದ್ದರು. ನನ್ನನ್ನು ಹೊಡೆಯಲಿಲ್ಲ. ತೋಟಾವನ್ನು ಅಂಗೈಯಲ್ಲಿಟ್ಟುಕೊಂಡು ಜಗಲಿಯ ಮೇಲೆ ಬಹಳ ಹೊತ್ತು ಕುಳಿತಿದ್ದರು. ಮರುದಿನವೇ ಸರಪಣಿ, ಬೀಗ ಬಂದವು. "ಹೆಂಗೆ ಗೊತ್ತಾಯ್ತಮ್ಮ?" ಎಂದು ಎಷ್ಟೋ ದಿನದ ಮೇಲೆ ಕೇಳಿದೆ. ಅಮ್ಮ ಹೇಳಿದ್ದು ಎರಡೇ ಮಾತು: "ಗೂಟ ಕಾಣ್ತು."

ಬಂದೂಕು ಇದ್ದಾಗ ಆ ಕೆಂಪು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಇಲ್ಲದಾಗ ಅದು ಕೂಗಿತು.

ಪಾಠ ಹೇಳುವವನ ಬುದ್ಧಿ. ಶೆಡ್ಡಿನಲ್ಲಿ ಕುಳಿತೇ ಬನ್ನಿಮರದವರೆಗೆ ಹೋದೆ. ಅಜ್ಞಾತವಾಸಕ್ಕೆ ಹೊರಟ ಪಾಂಡವರಿಗೂ ಇದೇ ಚಿಂತೆ ಬಂದಿತ್ತಲ್ಲವೆ? ಆಯುಧಗಳನ್ನು ಮರಕ್ಕೆ ಕಟ್ಟಿದರು, ಜೊತೆಗೊಂದು ಹೆಣವನ್ನೂ ಕಟ್ಟಿದರು. ಕೇಳಿದ ದನಗಾಹಿಗಳಿಗೆ, ನೂರ ಎಂಬತ್ತು ವರ್ಷ ಬಾಳಿದ ನಮ್ಮ ತಾಯಿ, ಇದು ನಮ್ಮ ಕುಲದ ಪದ್ಧತಿ ಎಂದರು. ಹೆದರಿಕೆಯೇ ಅವರ ಬೀಗ. ವರ್ಷದ ಕೊನೆಗೆ ರಾಜಕುಮಾರ ಉತ್ತರ ಕೂಡ ಆ ಮರ ಹತ್ತಲು ಹಿಂಜರಿದ. ಕೊಡಗಿನವರ ಬೀಗ ಬೇರೆ. 1861ರಿಂದಲೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಅಲ್ಲಿ ನಾಟಿಯ ಕಾಲಕ್ಕೆ ದೇವರ ಕೋಣೆ ಸೇರುತ್ತಿದ್ದ ಆಯುಧ ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬಕ್ಕೆ ಹೊರಗೆ ಬರುತ್ತಿತ್ತು. ಹಬ್ಬದ ದಿನ ಕೋವಿಯನ್ನು ಒರೆಸಿ, ತೋಕ್ ಪೂ ಎಂಬ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಅಲ್ಲಿ ಭಕ್ತಿಯೇ ಬೀಗ.

ಹೆದರಿಕೆಯ ಬೀಗವಾಗಲಿ ಭಕ್ತಿಯ ಬೀಗವಾಗಲಿ ಗಟ್ಟಿಯಾಗಿರುವುದು ಅದನ್ನು ಸುತ್ತಿನವರೆಲ್ಲ ಒಪ್ಪಿದಾಗ. ಹತ್ತು ವರ್ಷದ ಗಬ್ಬರನಿಗೆ ಎರಡೂ ಇರಲಿಲ್ಲ. ಅವನಂಥವರಿಗಾಗಿಯೇ ಹದಿನಾರು ಗೇಜಿನ ತಗಡು ಬೇಕು. ಆದರೆ ತಗಡಿನ ಬಾಗಿಲು ಮುಚ್ಚಿದರೆ ಬಂದೂಕು ಒಳಗಿದೆಯೋ ಇಲ್ಲವೋ ದಾರಿಹೋಕಳಾದ ತಾಯಿಗೆ ತಿಳಿಯುವುದು ಹೇಗೆ? ನನ್ನ ಸಂಶಯ ಹೇಳಿದೆ. ವಿದ್ಯಾರ್ಥಿಗೆ ಅದು ಕಷ್ಟದ ಪ್ರಶ್ನೆಯೇ ಅಲ್ಲ. ಬಾಗಿಲಿಗೆ ತಗಡಿನ ಬದಲು ದಪ್ಪ ಜಾಲರಿ ಹಾಕಿದರಾಯಿತು ಎಂದ. ಅಳತೆ ಬರೆದುಕೊಂಡ, ಮುಂಗಡ ತೆಗೆದುಕೊಂಡ. ಆಮೇಲೆ ಪೆನ್ಸಿಲನ್ನು ಕಿವಿಗೇರಿಸುತ್ತ ಕೇಳಿದ:

"ಬೀಗದ ಕೈ ಯಾರ ಹತ್ರ ಇರತ್ತೆ ಸಾರ್?"

ಅಲ್ಲಿಯವರೆಗೆ ಪ್ರಶ್ನೆ ಕೇಳುವವನು ನಾನಾಗಿದ್ದೆ. ಈಗ ಉತ್ತರ ಬರದ ಹುಡುಗ ನಾನಾದೆ. ಕಾನೂನಿನಂತೆ ಅದು ನನ್ನ ಹತ್ತಿರವೇ ಇರಬೇಕು. ನನ್ನ ಹತ್ತಿರ ಎಂದರೆ ಅಕ್ಕಿಯ ಡಬ್ಬದ ಮೇಲೆ, ಇಲ್ಲವೆ ಪಂಪಭಾರತದಲ್ಲಿ. ಮನೆಯಲ್ಲಿ ನನ್ನ ಮಗನಿದ್ದಾನೆ, ಹನ್ನೊಂದು ವರ್ಷ. ನನ್ನ ಕನ್ನಡಕವನ್ನು ದಿನವೂ ಹುಡುಕಿಕೊಡುವವನು ಅವನೇ.

ನಮ್ಮ ತಂದೆ ನನಗಿಂತ ಹತ್ತು ಪಾಲು ಶಿಸ್ತಿನ ಮನುಷ್ಯ. ಅವರು ಮರೆತದ್ದು ಒಂದೇ ದಿನ. ಭದ್ರವಾಗಿ ಇಡುತ್ತೇನೆಂದು ನಾನು ಬರೆದುಕೊಟ್ಟರೆ ವ್ಯಾಕರಣ ಶುದ್ಧವಾಗಿದ್ದೀತು, ಮಾತು ಸುಳ್ಳಾದೀತು. ಊರಿನಲ್ಲಿ ಹೊಲ ಮಾಡುವವರೂ ಈಗ ನಾವಲ್ಲ, ಗುತ್ತಿಗೆಯವರು. ಹಂದಿ ಕಾಯದ ಬಂದೂಕಿನಿಂದ ನಾನು ಕಾಯಬೇಕಾದ್ದು ಬಂದೂಕನ್ನೇ.

ಚಿಕ್ಕಪ್ಪನಿಗೆ ಹೇಳಲು ಮೂರು ದಿನ ಧೈರ್ಯ ಸಾಲಲಿಲ್ಲ. ಹೇಳಿದಾಗ ಅವರು, "ಓದಿದೋರು, ನಿಮ್ಗೇನ್ ಹೇಳಾದು" ಎಂದು ಎದ್ದು ಹೋದರು. ಅದು ಇನ್ನೂ ಮನಸ್ಸಿಗೆ ಚುಚ್ಚುತ್ತದೆ. ಬಂದೂಕನ್ನು ಆ ವ್ಯಾಪಾರಿಗೇ ಮಾರಿದೆವು. ಕಾಗದಕ್ಕೆ ಸಹಿ ಹಾಕುವಾಗ ತಮ್ಮ ನನ್ನನ್ನು ನೋಡಿ ಎರಡೂ ಕೈ ಮೇಲೆತ್ತಿದ. ನಕ್ಕೆವು. ನನ್ನ ನಗು ಗಂಟಲಿನಿಂದ ಮೇಲೆ ಬರಲಿಲ್ಲ.

ಮುಂಗಡ ಕೊಟ್ಟಿದ್ದ ಬೀರು ಮಾತ್ರ ಬಿಡದಿಯಿಂದ ಬಂತು. ಜಾಲರಿಯ ಬಾಗಿಲು, ಒಳ್ಳೆಯ ಬೂದು ಬಣ್ಣ. ಈಗ ಅದರಲ್ಲಿ ಮಗನ ಬ್ಯಾಟು, ಹಾಕಿ ಸ್ಟಿಕ್ಕು ನಿಂತಿವೆ. ಬೀಗದ ಕೈ ಬಂದ ವಾರವೇ ಕಳೆಯಿತು. ಹಳ್ಳಿಯ ಮನೆಯಿಂದ ಆ ಎರಡು ಗೂಟಗಳನ್ನೂ ಕಿತ್ತು ತಂದು ಬೀರುವಿನ ಮೇಲುಗಡೆ ಗೋಡೆಗೆ ಹೊಡೆಸಿದ್ದೇನೆ. ಅರಗು ಮಾಸಿಲ್ಲ. ಯಾರಾದರೂ ಅಂಗಿ ತೂಗುಹಾಕಲು ಹೋದರೆ ಅಮ್ಮ ಬಿಡುವುದಿಲ್ಲ. ಅವಳೀಗ ನಮ್ಮ ಜೊತೆಯಲ್ಲೇ ಇದ್ದಾಳೆ. ರಾತ್ರಿ ಮಲಗುವ ಮುನ್ನ ಒಮ್ಮೆ ಆ ಗೋಡೆಯತ್ತ ನೋಡುತ್ತಾಳೆ. ಗೂಟ ಖಾಲಿ ಇರುವುದನ್ನು ಕಂಡ ಮೇಲೆ ದೀಪ ಆರಿಸುತ್ತಾಳೆ.