ಮೊಸರು ತರುವುದಕ್ಕೂ ಕಾರ್ವೆಟ್

ಕಳೆದ ಶನಿವಾರ ಗೆಳೆಯನೊಬ್ಬ ಹಳೆಯ ಕಾರ್ವೆಟ್ ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳುತ್ತೇನೆಂದು ನನ್ನನ್ನೂ ಜೊತೆಗೆ ಎಳೆದುಕೊಂಡು ಹೋದ. 2008ರ ಕೂಪೆ, ಕಡುನೀಲಿ ಬಣ್ಣ. ಮಾರುವವರು ಗ್ಯಾರೇಜಿನ ಬಾಗಿಲೆತ್ತಿ, ಮೆತ್ತನೆಯ ಹೊದಿಕೆಯನ್ನು ಒಂದು ತುದಿಯಿಂದ ಜೋಪಾನವಾಗಿ ಮಡಚಿ ತೆಗೆದು, "ಈ ಗಾಡಿ ಇವತ್ತಿನವರೆಗೆ ಮಳೆ ಕಂಡಿಲ್ಲ" ಅಂದರು. ಗೆಳೆಯನ ಕಣ್ಣು ಅರಳಿತು. ನಾನು ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಟೈರಿನ ಪಕ್ಕೆಯ ಮೇಲಿನ ಅಚ್ಚನ್ನು ಹುಡುಕಿದೆ. ಟೈರು ಯಾವ ವರ್ಷದ ಯಾವ ವಾರ ತಯಾರಾಯಿತೆಂದು ಅಲ್ಲಿ ನಾಲ್ಕು ಅಂಕಿಗಳಲ್ಲಿ ಒತ್ತಿರುತ್ತಾರೆ. 4707 ಎಂದಿತ್ತು, ಅಂದರೆ 2007ರ ನಲವತ್ತೇಳನೇ ವಾರ. ಗಾಡಿಯ ಜೊತೆ ಹುಟ್ಟಿದ ಟೈರು! ಮೇಲ್ಮೈ ಸವೆದೇ ಇಲ್ಲ, ಆದರೆ ಗೀರುಗಳ ಬುಡದಲ್ಲಿ ಉಗುರು ಆಡಿಸಿದರೆ ಸಣ್ಣ ಸಣ್ಣ ಬಿರುಕುಗಳು ತಡೆಯುತ್ತವೆ. 430 ಅಶ್ವಶಕ್ತಿಯನ್ನು ನೆಲಕ್ಕೆ ದಾಟಿಸಬೇಕಾದ ರಬ್ಬರು ಅದು.

ಕಾರ್ವೆಟ್ ಬಳಗದೊಂದಿಗೆ ನನ್ನ ಹಳೇ ಜಗಳ ಇದು. ಓಡಿಸದೆ ಇಟ್ಟಿದ್ದನ್ನೇ ಅವರು ದೊಡ್ಡ ಗುಣವೆಂದು ಎಣಿಸುತ್ತಾರೆ. ಮೈಲಿ ಕಮ್ಮಿಯಾದಷ್ಟೂ ಬೆಲೆ ಜಾಸ್ತಿ, ಮಾಲೀಕನ ಮರ್ಯಾದೆಯೂ ಜಾಸ್ತಿ. ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತ ಗಾದೆ. ಇವರಿಗೆ ಕಡಲೆಯೂ ಇದೆ, ಹಲ್ಲೂ ಇದೆ, ಅಗಿಯುವುದು ಮಾತ್ರ ಬೇಡ. ನಿಂತ ಗಾಡಿ ಹಾಗೇ ಉಳಿಯುತ್ತದೆಂಬುದು ಶುದ್ಧ ಸುಳ್ಳು. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಎಣ್ಣೆ ತಾಗದ ಸೀಲುಗಳು ಒಣಗುತ್ತವೆ. ಪೆಟ್ರೋಲು ಹಳಸುತ್ತದೆ. ಎಲ್ಲಕ್ಕಿಂತ ಮೊದಲು ಬ್ಯಾಟರಿ ಕೂರುತ್ತದೆ.

ಬ್ಯಾಟರಿ ಕೂತರೆ ಏನಾಗುತ್ತದೆಂಬುದು 2005ರಿಂದ 2013ರವರೆಗೆ ಬಂದ ಈ ಆರನೇ ತಲೆಮಾರಿನ ಕಾರಿನಲ್ಲಿ ಸಣ್ಣ ಮಾತಲ್ಲ. ಇದರ ಬಾಗಿಲಿಗೆ ಮಾಮೂಲಿ ಹಿಡಿಕೆ ಇಲ್ಲ. ಒಳಗೂ ಹೊರಗೂ ಗುಂಡಿ ಒತ್ತಿದರೆ ವಿದ್ಯುತ್ತೇ ಚಿಲಕ ತೆಗೆಯಬೇಕು. ಕರೆಂಟು ಹೋದಾಗ ಒಳಗಿದ್ದವರು ಹೊರಬರಲು ಸೀಟಿನ ಪಕ್ಕ, ನೆಲದ ಹತ್ತಿರ, ಕೈಯಿಂದ ಎಳೆಯುವ ಸಣ್ಣ ಹಿಡಿಯೊಂದಿದೆ. 2015ರಲ್ಲಿ ಟೆಕ್ಸಾಸ್‌ನ ಬಿಸಿಲಿನಲ್ಲಿ ವಯಸ್ಸಾದವರೊಬ್ಬರು, ಬ್ಯಾಟರಿಯ ತಂತಿ ಸಡಿಲಾಗಿ ಬಾಗಿಲು ತೆಗೆಯಲಾಗದೆ, ತಮ್ಮ ನಾಯಿಯೊಂದಿಗೆ ಈ ಮಾದರಿಯ ಕಾರಿನೊಳಗೇ ತೀರಿಕೊಂಡರು. ಅಂದಿನಿಂದ ನನ್ನ ಪಕ್ಕದ ಸೀಟಿನಲ್ಲಿ ಯಾರೇ ಕೂರಲಿ, ಬೆಲ್ಟು ಹಾಕಿಕೊಳ್ಳುವ ಮೊದಲು ಆ ಹಿಡಿಯನ್ನು ಮುಟ್ಟಿಸುತ್ತೇನೆ. ವೇಗದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಎಷ್ಟು ಮಾಲೀಕರು ಇದನ್ನು ಮಾಡುತ್ತಾರೆ?

ಗೆಳೆಯನ ಪ್ರಶ್ನೆ ಬೇರೆ: "ದಿನಾ ಓಡಿಸೋಕೆ ಆಗುತ್ತಾ?" ಈ ಪ್ರಶ್ನೆಗೆ ಪತ್ರಿಕೆಗಳ ಪರೀಕ್ಷೆಗಳಲ್ಲಿ ಉತ್ತರ ಸಿಗುವುದಿಲ್ಲ. ಅವರು ಸೊನ್ನೆಯಿಂದ 60 ಮೈಲಿಗೆ ಎಷ್ಟು ಸೆಕೆಂಡು ಎಂದು ಅಳೆಯುತ್ತಾರೆ, ರೇಸ್ ಟ್ರ್ಯಾಕಿನಲ್ಲಿ ಒಂದು ಸುತ್ತಿಗೆ ಎಷ್ಟು ಹೊತ್ತು ಎಂದು ಅಳೆಯುತ್ತಾರೆ, ಕೊನೆಗೆ "ದಿನಬಳಕೆಗೂ ಸರಿ" ಎಂದು ಒಂದು ಸಾಲು ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ವಾರದ ಮಟ್ಟಿಗೆ ಎರವಲು ತಂದ ಗಾಡಿಯಲ್ಲಿ ದಿನಬಳಕೆ ತಿಳಿಯುವುದಾದರೂ ಹೇಗೆ? ವೇಗದ ಕಾರಿನ ಯೋಗ್ಯತೆ ತಿಳಿಯುವುದು ನಡಿಗೆಯ ವೇಗದಲ್ಲಿ ಎಂಬುದು ನನ್ನ ಗಟ್ಟಿ ನಂಬಿಕೆ.

ಆದ್ದರಿಂದ ನಾನು ಯಾವ ಸ್ಪೋರ್ಟ್ಸ್ ಕಾರನ್ನೂ ಮೊದಲು ಹೈವೇಗೆ ಒಯ್ಯುವುದಿಲ್ಲ. ಬಹುಮಹಡಿ ಪಾರ್ಕಿಂಗ್ ಕಟ್ಟಡಕ್ಕೆ ಒಯ್ಯುತ್ತೇನೆ. ಒಳಹೋಗುವಾಗ ಚೀಟಿ ಕೊಡುವ ಯಂತ್ರವೇ ಮೊದಲ ಪರೀಕ್ಷಕ. ಕಾರ್ವೆಟ್‌ನ ಒಟ್ಟು ಎತ್ತರ ಸುಮಾರು 1.25 ಮೀಟರ್; ಯಂತ್ರ ಮಾಡಿರುವುದು ಅದಕ್ಕಿಂತ ಎತ್ತರದ ಗಾಡಿಗಳಿಗೆ. ಸೀಟಿನಿಂದ ಏಳದೆ ಚೀಟಿ ಕೈಗೆ ಸಿಗುತ್ತದೆಯೇ? ನಂತರ ಸುರುಳಿ ಇಳಿಜಾರು: ಎಡಗಾಲು ಕ್ಲಚ್ಚಿನ ಮೇಲೆ, ಒಂದನೇ ಗೇರು, ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ಬಿಟ್ಟರೆ ಎಂಜಿನ್ ನಡುಗದೆ ಹೊರಡುತ್ತದೆಯೇ? ಇಳಿಜಾರು ಸಮತಟ್ಟಿಗೆ ಸೇರುವ ಕಡೆ ಮೂತಿಯ ಕೆಳಗೆ 'ಸರ್ರ್' ಎಂಬ ಸದ್ದು ಬರುತ್ತದೆ. ಹೊಸಬರು ಬೆಚ್ಚುವುದು ಇಲ್ಲೇ. ಅಲ್ಲಿ ತಾಗುವುದು ಕಪ್ಪು ರಬ್ಬರಿನ ತಡೆಪಟ್ಟಿ. ನೆಲಮಟ್ಟದ ಗಾಳಿಯನ್ನು ರೇಡಿಯೇಟರಿಗೆ ತಿರುಗಿಸುವುದು ಅದರ ಕೆಲಸ, ತಾಗಿದರೆ ಬಾಗಲಿ ಎಂದೇ ರಬ್ಬರಿನಲ್ಲಿ ಮಾಡಿದ್ದು. ಕೊನೆಗೆ ಎರಡು ದೊಡ್ಡ ಪಿಕಪ್ ಟ್ರಕ್ಕುಗಳ ನಡುವೆ ನಿಲ್ಲಿಸಿ, ಹಿಮ್ಮುಖವಾಗಿ ಹೊರಗೆ ತೆಗೆಯಬೇಕು. ದಪ್ಪ ಹಿಂಬದಿ ಎಷ್ಟು ಮರೆ ಮಾಡುತ್ತದೆ, ಬಾಗಿಲು ಎಷ್ಟು ಉದ್ದ, ಅರ್ಧ ತೆರೆದ ಬಾಗಿಲಿನಲ್ಲಿ ಸೊಂಟ ಹೇಗೆ ತಿರುಗುತ್ತದೆ, ಎಲ್ಲವೂ ಅಲ್ಲೇ ಬಯಲಾಗುತ್ತದೆ.

ಅಲ್ಲಿಂದ ಸೀದಾ ದಿನಸಿ ಅಂಗಡಿಗೆ. ಈ ಕೂಪೆಯ ಹಿಂದಿನ ಗಾಜು ಎತ್ತಿದರೆ ಕಾಣುವ ಜಾಗ ಸುಮಾರು 630 ಲೀಟರ್. ಅಕ್ಕಿ ಮೂಟೆ, ಮೊಸರಿನ ದೊಡ್ಡ ಡಬ್ಬಿ, ತೆಂಗಿನಕಾಯಿ, ಕರಿಬೇವು, ಎಲ್ಲವೂ ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ. ಹೆಸರಾಂತ ಎಷ್ಟೋ ಸೆಡಾನ್‌ಗಳ ಡಿಕ್ಕಿ ಇಷ್ಟಿಲ್ಲ.

ಇನ್ನು ಗೇರಿನ ವಿಷಯ. ಇಲ್ಲಿ ನನ್ನದು ಒಂಟಿ ಪಕ್ಷ, ಬಿಟ್ಟುಕೊಡುವವನಲ್ಲ. 1989ರಿಂದ ಮ್ಯಾನುಯಲ್ ಕಾರ್ವೆಟ್‌ಗಳಲ್ಲಿ ಒಂದು ಏರ್ಪಾಡು ಬಂತು. ಎಂಜಿನ್ ಬಿಸಿಯಾಗಿದ್ದು, ಕಾಲು ಹಗುರವಾಗಿದ್ದು, ವೇಗ ಸುಮಾರು 15ರಿಂದ 20 ಮೈಲಿ ನಡುವೆ ಇದ್ದಾಗ ಒಂದರಿಂದ ಎರಡಕ್ಕೆ ಎಳೆದರೆ ದಾರಿ ಮುಚ್ಚಿರುತ್ತದೆ. ಗೇರಿನ ಕೋಲು ನೇರ ನಾಲ್ಕಕ್ಕೆ ಜಾರುತ್ತದೆ. ಕಾರಣ ಸರ್ಕಾರಿ ಮೈಲೇಜ್ ಪರೀಕ್ಷೆ. ಪೆಟ್ರೋಲು ಕುಡಿಯುವ ಕಾರುಗಳ ಮೇಲೆ ಅಮೆರಿಕ ವಿಶೇಷ ತೆರಿಗೆ ಹಾಕುತ್ತದೆ. ಪರೀಕ್ಷೆಯಲ್ಲಿ ಬೇಗನೆ ನಾಲ್ಕಕ್ಕೆ ಹೋದರೆ ಅಂಕಿ ಸುಧಾರಿಸುತ್ತದೆ, ತೆರಿಗೆ ತಪ್ಪುತ್ತದೆ. ಮಾಲೀಕರು ಇದನ್ನು ಶಾಪವೆಂದೇ ತಿಳಿದು, ಗಾಡಿ ಮನೆಗೆ ಬಂದ ವಾರವೇ ಆ ತಡೆಯನ್ನು ವಂಚಿಸುವ ಪುಟ್ಟ ಪ್ಲಗ್ ತಂದು, ಗಾಡಿ ಎತ್ತಿ, ಗೇರ್‌ಬಾಕ್ಸಿನ ಪಕ್ಕ ಸಿಕ್ಕಿಸುತ್ತಾರೆ. ಸೇರಿದಲ್ಲೆಲ್ಲ ಅದರದೇ ಪ್ರವಚನ: "ಮೊದಲು ಅದನ್ನು ಹಾಕಿಸು."

ಯಾಕೆ ಹಾಕಿಸಬೇಕು? ವೇಗ ಹದಿನೈದು ತಲುಪುವ ಮೊದಲೇ ಎರಡಕ್ಕೆ ಬದಲಿಸಿ. ತಡೆ ಎದ್ದೇ ಇರುವುದಿಲ್ಲ. ಒಂದನೇ ಗೇರಿನಲ್ಲಿ ಅಷ್ಟು ಹೊತ್ತು ಎಳೆಯುವ ಅಗತ್ಯ 6.2 ಲೀಟರಿನ ಎಂಜಿನ್ನಿಗೆ ಇಲ್ಲವೇ ಇಲ್ಲ. ಅವಸರವಿದ್ದರೆ ಕಾಲನ್ನು ಇನ್ನಷ್ಟು ಒತ್ತಿ. ಆಗಲೂ ತಡೆ ಬರದು. ತಡೆ ಬರುವುದು ಹಗುರ ಕಾಲಿನವನು ಬೇಕಿಲ್ಲದೆ ಒಂದನೇ ಗೇರಿನಲ್ಲಿ ತಡಮಾಡಿದಾಗ ಮಾತ್ರ. ಇನ್ನೂ ಹೇಳುತ್ತೇನೆ: ತಡೆ ಬಂದರೆ ನಾಲ್ಕಕ್ಕೇ ಹಾಕಿ ನೋಡಿ. 20 ಮೈಲಿ ವೇಗದಲ್ಲಿ ನಾಲ್ಕನೇ ಗೇರೆಂದರೆ ಎಂಜಿನ್ ನಿಮಿಷಕ್ಕೆ ಸುಮಾರು 850 ಸುತ್ತು, ನಿಂತಲ್ಲಿ ಉರಿಯುವುದಕ್ಕಿಂತ ಅಷ್ಟಿಷ್ಟೇ ಮೇಲೆ. ಬೇರೆ ಎಂಜಿನ್ ಅಲ್ಲಿ ಕೆಮ್ಮಿ ನಿಲ್ಲುತ್ತದೆ. ಇದು ಗೊಣಗುತ್ತಲಾದರೂ ಎಳೆದುಕೊಂಡು ಹೋಗುತ್ತದೆ. ಪ್ಲಗ್ ಸಿಕ್ಕಿಸಿದವರು ತಮ್ಮ ಎಂಜಿನ್ನಿನ ಅತಿ ದೊಡ್ಡ ಗುಣವನ್ನೇ ನೋಡದೆ ಕೂತಿದ್ದಾರೆ. ಅಂಗಡಿ, ಶಾಲೆ, ಆಫೀಸು ಎಂದು ಓಡಾಡುವ ಬದುಕಿಗೆ ಬೇಕಾದದ್ದು ಈ ಗುಣವೇ. ಆರು ಸಾವಿರ ಸುತ್ತಿನ ಕೂಗಾಟವಲ್ಲ. ಹೈವೇಯಲ್ಲಿ ಆರನೇ ಗೇರಿಗೆ ಹಾಕಿ 70 ಮೈಲಿಯಲ್ಲಿ ಹೋಗುವಾಗಲೂ ಎಂಜಿನ್ ಸುತ್ತುವುದು ಸುಮಾರು 1,500 ಅಷ್ಟೇ. ಸರ್ಕಾರಿ ಅಂಕಿಯಂತೆ ಹೈವೇಯಲ್ಲಿ ಗ್ಯಾಲನ್ನಿಗೆ 26 ಮೈಲಿ, ನಮ್ಮ ಲೆಕ್ಕದಲ್ಲಿ ಲೀಟರಿಗೆ 11 ಕಿಲೋಮೀಟರ್, ಬರುವುದು ಅದರಿಂದಲೇ.

ಈ ಎಂಜಿನ್ನಿನ ಮೂಲ 1955ರದ್ದು. 1953ರಲ್ಲಿ ಮಿಷಿಗನ್‌ನ ಫ್ಲಿಂಟ್‌ನಲ್ಲಿ ತಯಾರಾದ ಮೊದಲ 300 ಕಾರ್ವೆಟ್‌ಗಳಲ್ಲಿ ಇದ್ದದ್ದು ಆರು ಸಿಲಿಂಡರಿನ, 150 ಅಶ್ವಶಕ್ತಿಯ ಎಂಜಿನ್, ಎರಡೇ ಗೇರಿನ ಆಟೋಮ್ಯಾಟಿಕ್. ನೋಡಲು ಚೆಂದ, ಓಟ ಸಪ್ಪೆ. ಎರಡು ವರ್ಷಕ್ಕೆ ಎಂಜಿನಿಯರ್ ಎಡ್ ಕೋಲ್ ತಂಡದ ಪುಟ್ಟ ವಿ8 ಬಂತು. ಬ್ರಸೆಲ್ಸ್‌ನಲ್ಲಿ ಹುಟ್ಟಿ ಯುರೋಪು ಸುತ್ತಿ ಡೆಟ್ರಾಯಿಟ್ ಸೇರಿದ ಜೋರಾ ಆರ್ಕಸ್-ಡಂಟೋವ್ ಅದರ ಬಲದಿಂದ ಕಾರ್ವೆಟ್ಟನ್ನು ನಿಜವಾದ ಸ್ಪೋರ್ಟ್ಸ್ ಕಾರು ಮಾಡಿದರು. ಆ ವಿ8ರಲ್ಲಿ ಒಂದು ಸಿಲಿಂಡರಿನ ನಡುವಿನಿಂದ ಮುಂದಿನದರ ನಡುವಿಗೆ 4.4 ಇಂಚು. ಬ್ಲಾಕು ಕಬ್ಬಿಣದಿಂದ ಅಲ್ಯೂಮಿನಿಯಮ್ಮಿಗೆ ಬದಲಾಯಿತು, ಕಾರ್ಬ್ಯುರೇಟರ್ ಹೋಗಿ ಕಂಪ್ಯೂಟರ್ ಬಂತು, ಆ 4.4 ಇಂಚು ಇವತ್ತಿಗೂ ಹಾಗೇ ಇದೆ. ಕ್ಯಾಮ್‌ಶಾಫ್ಟ್ ತಲೆಯ ಮೇಲಿರದೆ ಬ್ಲಾಕಿನ ಒಳಗೇ ಇರುವುದರಿಂದ ಎಂಜಿನ್ ಗಿಡ್ಡ. ಎಂಜಿನ್ ಗಿಡ್ಡವಾದ್ದರಿಂದ ಬಾನೆಟ್ ತಗ್ಗು. ಬಾನೆಟ್ ತಗ್ಗಾದ್ದರಿಂದ ರಸ್ತೆ ದಾಟುವ ಮಗು ಕಣ್ಣಿಗೆ ಬೀಳುತ್ತದೆ. ಇದನ್ನು ಹಳೆಯ ತಂತ್ರಜ್ಞಾನವೆಂದು ಮೂಗು ಮುರಿಯುವವರು ಒಮ್ಮೆ ಚಾಲಕನ ಸೀಟಿನಲ್ಲಿ ಕೂತು ಹೊರಗೆ ನೋಡಲಿ.

ನಾವಿರುವ ಮಿಷಿಗನ್‌ನಲ್ಲಿ ದಿನಬಳಕೆ ಎಂದ ಮೇಲೆ ಚಳಿಗಾಲದ ಮಾತು ಬರಲೇಬೇಕು. ಬೇಸಿಗೆಯ ಟೈರು ಸುಮಾರು 5 ಡಿಗ್ರಿ ಸೆಲ್ಸಿಯಸ್ಸಿನ ಕೆಳಗೆ ಹಿಡಿತ ಕಳೆದುಕೊಳ್ಳುತ್ತದೆ. ಮೈನಸ್ 7ರ ಕೆಳಗೆ ಗಾಡಿ ಅಲುಗಿಸಿದರೂ ರಬ್ಬರು ಬಿರಿಯಬಹುದು. ಹಾಗಾಗಿ ಚಳಿಗಾಲಕ್ಕೆ ಬೇರೆ ಟೈರು, ಸಾಧ್ಯವಾದರೆ ಬೇರೆ ಚಕ್ರ. ಅದಾದ ಮೇಲೆ ಉಪ್ಪು. ಡೆಟ್ರಾಯಿಟ್ ಊರಿನ ಅಡಿಯಲ್ಲೇ, ಸಾವಿರ ಅಡಿಗಿಂತ ಆಳದಲ್ಲಿ, ಉಪ್ಪಿನ ಗಣಿ ಇದೆ. ಅದರ ಉಪ್ಪು ರಸ್ತೆಗೆ ಬೀಳುತ್ತದೆ, ರಸ್ತೆಯಿಂದ ಕಾರುಗಳ ಹೊಟ್ಟೆಗೆ ಅಂಟುತ್ತದೆ. ಕಾರ್ವೆಟ್‌ನ ಮೈ 1953ರಿಂದಲೂ ಫೈಬರ್ ಬೆರೆತ ಪ್ಲಾಸ್ಟಿಕ್, ತುಕ್ಕು ಹತ್ತದು. ಆದರೆ ಮೈಯನ್ನು ನೋಡಿ ಮೋಸಹೋಗಬಾರದು: ಆರನೇ ತಲೆಮಾರಿನ ಸಾಮಾನ್ಯ ಮಾದರಿಯ ಚೌಕಟ್ಟು ಉಕ್ಕಿನದು. ಅಲ್ಯೂಮಿನಿಯಮ್ ಚೌಕಟ್ಟು ಎಲ್ಲರಿಗೂ ದಕ್ಕಿದ್ದು 2014ರಲ್ಲಿ. ಬಿಸಿಲು ಬಿದ್ದ ದಿನ ಗಾಡಿಯ ಹೊಟ್ಟೆಗೆ ನೀರು ಹೊಡೆಯಿರಿ. ಬೆನ್ನನ್ನು ಆಮೇಲೆ ಒರೆಸಿದರಾಯಿತು.

2020ರಲ್ಲಿ ಡಂಟೋವ್ ಕನಸು ನನಸಾಗಿ ಎಂಜಿನ್ ಚಾಲಕನ ಬೆನ್ನ ಹಿಂದೆ ಹೋಯಿತು. ಅವರು ತೀರಿಕೊಂಡದ್ದು 1996ರಲ್ಲಿ. ಈ ಎಂಟನೇ ತಲೆಮಾರಿನಲ್ಲಿ ಒಂದು ಬಲು ಜಾಣ ಸವಲತ್ತಿದೆ: ಗುಂಡಿ ಒತ್ತಿದರೆ ಮೂತಿ ಸುಮಾರು 4 ಸೆಂಟಿಮೀಟರ್ ಮೇಲೇಳುತ್ತದೆ, ಎಲ್ಲೆಲ್ಲಿ ಏಳಬೇಕೆಂದು ಉಪಗ್ರಹದ ನೆರವಿನಿಂದ 1,000 ಜಾಗಗಳನ್ನು ನೆನಪಿಡುತ್ತದೆ. ಮನೆಯ ಮುಂದಿನ ಇಳಿಜಾರು ಒಮ್ಮೆ ಕಲಿಸಿದರೆ ಸಾಕು. ಆದರೆ ಸಾಮಾನಿನ ಜಾಗ ಮುಂದೆ ಹಿಂದೆ ಸೇರಿ ಸುಮಾರು 357 ಲೀಟರಿಗೆ ಇಳಿಯಿತು, ಎಂಜಿನ್ನಿಗೆ ಒತ್ತಿಕೊಂಡ ಹಿಂದಿನ ಡಿಕ್ಕಿ ಬೆಚ್ಚಗಾಗುತ್ತದೆ. ಮೊಸರನ್ನು ಮುಂದಿನದರಲ್ಲೇ ಇಡಬೇಕು. ಮ್ಯಾನುಯಲ್ ಗೇರು ಪೂರ್ತಿ ಹೋಯಿತು. ಇದು ನನಗೆ ನಿಜವಾದ ನೋವು.

ಆದರೂ ಈ ಸಾಲಿನಲ್ಲೇ ಬಂದ ಇ-ರೇ ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ. ಮೊದಲ ಕಾರ್ವೆಟ್ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಜನರೆದುರು ಬಂದು ಸರಿಯಾಗಿ 70 ವರ್ಷಕ್ಕೆ, 2023ರ ಜನವರಿ 17ರಂದು, ಅದನ್ನು ತೋರಿಸಿದರು. ಹಿಂದಿನ ಚಕ್ರಗಳಿಗೆ ವಿ8, ಮುಂದಿನ ಚಕ್ರಗಳಿಗೆ ವಿದ್ಯುತ್ ಮೋಟಾರು, ಒಟ್ಟು 655 ಅಶ್ವಶಕ್ತಿ. ನಾಲ್ಕೂ ಚಕ್ರಕ್ಕೆ ಬಲ ಸಿಕ್ಕ ಮೊದಲ ಕಾರ್ವೆಟ್. ಬೆಳಗಿನ ಜಾವ ಅಕ್ಕಪಕ್ಕದವರ ನಿದ್ದೆ ಕೆಡಿಸದೆ ಬರೀ ಮೋಟಾರಿನಿಂದಲೇ ಬೀದಿ ದಾಟಬಹುದು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಕಾರ್ಖಾನೆಯಿಂದ ಅದು ಹೊರಬರುವುದೇ ಎಲ್ಲ ಋತುವಿಗೂ ಆಗುವ ಟೈರಿನ ಮೇಲೆ. ದಿನಾ ಓಡಿಸಲಿ ಎಂದೇ ಮಾಡಿದ ಗಾಡಿ ಅದು, ಚಳಿಗಾಲವನ್ನೂ ಲೆಕ್ಕಕ್ಕೆ ಹಿಡಿದು. ಇನ್ನು ಮುಂದೆ ಮಳೆಗೆ ತರಬಾರದು, ಹಿಮಕ್ಕೆ ತರಬಾರದು ಅನ್ನುವವರು ಕಾರಿನ ಹೆಸರಿನಲ್ಲಿ ಹಾಗೆ ಹೇಳುವಂತಿಲ್ಲ; ಹೇಳುವುದಿದ್ದರೆ ತಮ್ಮ ಹೆಸರಿನಲ್ಲೇ ಹೇಳಲಿ.