ಟೋಕಿಯೋದಲ್ಲಿ ಹೊಟ್ಟೆನೋವು!

ಕುರೋಸಾವಾ 1965ರಲ್ಲಿ ತೆಗೆದ ‘ರೆಡ್ ಬಿಯರ್ಡ್’ನಲ್ಲಿ ಮಿಫುನೆಯ ಗಡ್ಡದ ಡಾಕ್ಟರು ಬಡವರಿಗೆ ಮದ್ದು ಕೊಟ್ಟು, ಗೂಂಡಾಗಳ ಕೈಕಾಲೂ ಮುರೀತಾನೆ. ಈಗಿನ ಟೋಕಿಯೋ ಡಾಕ್ಟರು ಫೈಟಿಂಗ್ ಮಾಡಲ್ಲ ಬಿಡಿ. ಮೂರು ತಿಂಗಳಿಗಿಂತ ಹೆಚ್ಚು ನೆಲೆಸುವ ಪರದೇಶಿಯೂ ಆರೋಗ್ಯ ವಿಮೆಗೆ ಸೇರಲೇಬೇಕು. ಬಿಲ್ಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 30 ಮಾತ್ರ ಸ್ವಂತ ಜೇಬಿನಿಂದ. ಆದರೆ ಶಿಫಾರಸು ಚೀಟಿಯಿಲ್ಲದೆ ದೊಡ್ಡಾಸ್ಪತ್ರೆಗೆ ನುಗ್ಗಿದಿರೋ, 7000 ಯೆನ್ನಿಗೂ ಮೇಲೆ ಕಕ್ಕಬೇಕಾದೀತು! ಬೀದಿಯ ಕ್ಲಿನಿಕ್ಕೇ ವಾಸಿ.

ದುಡ್ಡಿನ ಚಿಂತೆ ಹೋಯ್ತು, ನಾಲಿಗೆಯ ಚಿಂತೆ? ನೋವನ್ನು ಜಪಾನಿಯಲ್ಲೇ ಹೇಳಬೇಕು. ತಲೆ ಸಿಡಿದರೆ ‘ಜುಕಿಜುಕಿ’, ಸೂಜಿ ಚುಚ್ಚಿದಂತಾದರೆ ‘ಚಿಕುಚಿಕು’, ಹೊಟ್ಟೆ ತಿವಿದರೆ ‘ಕಿರಿಕಿರಿ’. ಇಂಗ್ಲಿಷಿನವ ಇಲ್ಲಿ ಕಕ್ಕಾಬಿಕ್ಕಿ. ಚುರುಚುರು, ಗುಡುಗುಡು ಅಂತಲೇ ಬೆಳೆದ ಕನ್ನಡಿಗನಿಗೆ ಪಾಠ ಸಲೀಸು. ಆದ್ರೂ ಹುಷಾರು ಗುರೂ! ‘ಯಾಕೋ ಕಿರಿಕಿರಿ’ ಅಂತ ಬಾಯಿ ತಪ್ಪಿ ಅಂದ್ರೆ ಡಾಕ್ಟರು ಬೇಜಾರು ಅಂದ್ಕೊಳ್ಳಲ್ಲ, ಗಂಟಲೊಳಗೆ ಕ್ಯಾಮೆರಾ ಇಳಿಸಿಯಾನು.